ಸೂಜಿ ಕೈಗೆ ಕೊಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಯೂನಿಟ್ ಚೀಫ್‌ಗಳು, ಪಿಜಿಗಳು, ಹೌಸ್ ಸರ್ಜನ್‌ಗಳು ಇವತ್ತು ಒಟ್ಟಿಗೆ ಕೂತಿದ್ದೀರಿ. ಹಾಗಾಗಿ ಯಾವ ಕೆಲಸವನ್ನು ಯಾವಾಗ ಕಿರಿಯರ ಕೈಗೆ ಕೊಡಬೇಕು ಎಂಬ ಬಗ್ಗೆ ಎರಡೂ ಕಡೆಯವರಿಗೆ, ಅಂದರೆ ಕಲಿಸುವ ಹಿರಿಯ ವೈದ್ಯರಿಗೂ ತರಬೇತಿಯಲ್ಲಿರುವ ಕಿರಿಯರಿಗೂ, ಹೇಳಬೇಕಾದ್ದನ್ನು ಇಲ್ಲೇ ಹೇಳುತ್ತೇನೆ.

“ಹುಡುಗ ಚುರುಕು, ನಂಬಬಹುದು” ಎಂಬ ಮಾತು ವಾರ್ಡಿನಲ್ಲಿ ದಿನವೂ ಕೇಳಿಬರುತ್ತದೆ. ಯಾವ ಕೆಲಸಕ್ಕೆ ನಂಬಬಹುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನೆದರ್‌ಲೆಂಡ್ಸ್‌ನ ವೈದ್ಯಕೀಯ ಶಿಕ್ಷಣ ತಜ್ಞ ಒಲೆ ಟೆನ್ ಕೇಟ್ 2005ರಲ್ಲಿ ಮುಂದಿಟ್ಟ ವಿಚಾರ ಇದೇ ಪ್ರಶ್ನೆಗೆ ಸಂಬಂಧಿಸಿದ್ದು. ಇಡೀ ವ್ಯಕ್ತಿಗೆ ಅಂಕ ಕೊಡುವುದರ ಜೊತೆಗೆ, ಒಂದೊಂದು ಕೆಲಸವನ್ನೂ ಅವನಿಗೆ ವಹಿಸಬಹುದೇ ಎಂದು ಪ್ರತ್ಯೇಕವಾಗಿ ತೀರ್ಮಾನಿಸಬೇಕು. ಅದಕ್ಕೆ ಐದು ಮೆಟ್ಟಿಲು: ನೋಡುವುದು ಮಾತ್ರ, ಹಿರಿಯರು ಪಕ್ಕದಲ್ಲಿದ್ದಾಗ ಮಾಡುವುದು, ಕರೆದರೆ ತಕ್ಷಣ ಬರುವಷ್ಟು ಹತ್ತಿರ ಹಿರಿಯರಿದ್ದಾಗ ಮಾಡುವುದು, ತಾನೇ ಮಾಡುವುದು, ಕಿರಿಯರಿಗೆ ಮಾಡಿಸುವುದು. ರಕ್ತನಾಳಕ್ಕೆ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕುವುದರಲ್ಲಿ ನಾಲ್ಕನೇ ಮೆಟ್ಟಿಲಲ್ಲಿರುವವನು ಲಂಬರ್ ಪಂಕ್ಚರ್‌ನಲ್ಲಿ, ಅಂದರೆ ಸೊಂಟದ ಬಳಿ ಬೆನ್ನುಮೂಳೆಯೊಳಗಿನ ದ್ರವ ತೆಗೆಯುವುದರಲ್ಲಿ, ಎರಡನೆಯದರಲ್ಲೇ ಇರಬಹುದು. ಅದರಲ್ಲಿ ಅವಮಾನವೇನೂ ಇಲ್ಲ.

ಪ್ಲೂರಲ್ ಟ್ಯಾಪ್, ಅಂದರೆ ಶ್ವಾಸಕೋಶದ ಸುತ್ತ ತುಂಬಿದ ನೀರನ್ನು ಸೂಜಿಯಿಂದ ತೆಗೆಯುವುದನ್ನೇ ತೆಗೆದುಕೊಳ್ಳಿ. ಸೂಜಿ ಕೊಡುವ ಮೊದಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಸೂಜಿ ಹಿಡಿಯಲಿರುವ ಹುಡುಗಿ ಎಕ್ಸ್‌ರೇ ಮೇಲಿನ ಹೆಸರು, ಎಡ-ಬಲದ ಗುರುತು ನೋಡಿದಳೇ? ಎದೆ ತಟ್ಟಿ, ಅಲ್ಟ್ರಾಸೌಂಡ್ ಇಟ್ಟು, ನೀರು ಇರುವುದು ಅದೇ ಕಡೆ ಎಂದು ತಾನೇ ಖಚಿತಪಡಿಸಿಕೊಂಡಳೇ? ರೋಗಿಗೆ ವಿವರಿಸಿ ಒಪ್ಪಿಗೆ ಪಡೆದಳೇ? ಸೂಜಿ ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿ ಹೋಗಬೇಕು; ರಕ್ತನಾಳ ಮತ್ತು ನರ ಮೇಲಿನ ಪಕ್ಕೆಲುಬಿನ ಕೆಳಅಂಚಿನಲ್ಲಿರುತ್ತವೆ. ಬೆನ್ನಿನ ಕಡೆ ಒಂಬತ್ತನೇ ಪಕ್ಕೆಲುಬಿಗಿಂತ ಕೆಳಗಿಳಿದರೆ ಯಕೃತ್ತು ಅಥವಾ ಗುಲ್ಮಕ್ಕೆ ಚುಚ್ಚುವ ಅಪಾಯ. ಇಷ್ಟನ್ನು ಪುಸ್ತಕ ಓದಿದವರೆಲ್ಲ ಹೇಳುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: “ಒಂದು ಲೀಟರ್ ತೆಗೆದಾಗ ರೋಗಿ ಕೆಮ್ಮತೊಡಗಿದರೆ ಏನು ಮಾಡ್ತೀಯಮ್ಮ? ಸಿರಿಂಜಿಗೆ ಗಾಳಿ ಬಂದರೆ?” ಸಾಮಾನ್ಯವಾಗಿ ಒಂದೂವರೆ ಲೀಟರ್ ಮಿತಿ ಇಟ್ಟುಕೊಂಡರೂ, ಎದೆ ಬಿಗಿಯುತ್ತಿದೆ ಎಂದು ರೋಗಿ ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬೇಕು, ಯಾವಾಗ ಕರೆಯಬೇಕು ಎಂದು ತಡವರಿಸದೆ ಹೇಳಿದರೆ ಮಾತ್ರ ಮುಂದಿನ ಮೆಟ್ಟಿಲು. ಕೈ ಎಷ್ಟು ಸಲೀಸು ಎಂಬುದು ಆಮೇಲಿನ ಮಾತು.

ನಮ್ಮ ಎಂಬಿಬಿಎಸ್‌ನಲ್ಲಿ 2019ರಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ, ಯಾವ ಕೆಲಸ ಕಲಿತರು ಎಂದು ಬರೆದು ಹಿರಿಯರ ಸಹಿ ಪಡೆಯುವ ಲಾಗ್‌ಬುಕ್ಕೂ ಬಂದಿದೆ. ತಿಂಗಳ ಕೊನೆಗೆ ಇಪ್ಪತ್ತು ಸಹಿ ಒಟ್ಟಿಗೆ ಹಾಕುವ ಲಾಗ್‌ಬುಕ್ಕಿನಿಂದ ರೋಗಿಗೆ ಯಾವ ರಕ್ಷಣೆಯೂ ಇಲ್ಲ. ಕಣ್ಣಾರೆ ನೋಡಿದ್ದಕ್ಕೆ ಮಾತ್ರ, ನೋಡಿದ ದಿನವೇ ಸಹಿ ಹಾಕಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ರೌಂಡ್ಸ್‌ನಲ್ಲಿ “ಪೊಟ್ಯಾಸಿಯಂ ಎಷ್ಟಪ್ಪಾ?” ಎಂದರೆ “ನಾರ್ಮಲ್ ಸರ್” ಎನ್ನುವ ಉತ್ತರ ಥಟ್ಟನೆ ಬರುತ್ತದೆ, ರಿಪೋರ್ಟ್ ಇನ್ನೂ ಲ್ಯಾಬಿನಲ್ಲೇ ಇರುತ್ತದೆ. “ನೋಡಿಲ್ಲ ಸರ್, ಈಗಲೇ ನೋಡ್ತೀನಿ” ಎಂದವನನ್ನು ಹತ್ತು ಜನರೆದುರು ಗದರಿಸಿದರೆ, ಮರುದಿನದಿಂದ ಇಡೀ ಯೂನಿಟ್ಟೇ “ನಾರ್ಮಲ್” ಹೇಳಲು ಕಲಿಯುತ್ತದೆ. ಇಂಗ್ಲಿಷಿನಲ್ಲಿ ಪಟಪಟನೆ ಕೇಸ್ ಒಪ್ಪಿಸುವವರ ಮೇಲೆ ಬೇಗ ನಂಬಿಕೆ ಹುಟ್ಟುವುದೂ ಇದೇ ಜಾತಿಯ ತಪ್ಪು. ಕನ್ನಡ ಮಾಧ್ಯಮದಿಂದ ಬಂದ ಮಿತಭಾಷಿ ಹುಡುಗಿ ರಾತ್ರಿ ಎರಡು ಸಲ ಹೋಗಿ ಮೂತ್ರದ ಪ್ರಮಾಣ ಅಳೆದು ಬಂದಿರುತ್ತಾಳೆ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ರಾತ್ರಿ ಕಾಲ್ ವಿಚಾರ. “ಏನಾದರೂ ಇದ್ದರೆ ಫೋನ್ ಮಾಡು” ಎಂದರೆ ಸಾಲದು. ಸಂಜೆ ರೌಂಡ್ಸ್‌ನಲ್ಲೇ ಅಂಕಿ ಗೊತ್ತುಮಾಡಿ: ಸಿಸ್ಟಾಲಿಕ್ (ರಕ್ತದೊತ್ತಡದ ಮೇಲಿನ ಅಂಕಿ) 90ಕ್ಕಿಂತ ಕೆಳಗಿಳಿದರೆ, ಉಸಿರಾಟ ನಿಮಿಷಕ್ಕೆ 25 ದಾಟಿದರೆ, ರಕ್ತದ ಆಕ್ಸಿಜನ್ ಮಟ್ಟ ಶೇಕಡಾ 92ಕ್ಕಿಂತ ಕಡಿಮೆಯಾದರೆ (ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ರೋಗಿಗೆ ಬೇರೆ ಗುರಿ), ಪ್ರಜ್ಞೆ ಮಂಕಾದರೆ ಕರೆಯಲೇಬೇಕು. ಕರೆಯುವವರು ನಾಲ್ಕು ಮಾತು ಸಿದ್ಧವಿಟ್ಟುಕೊಳ್ಳಿ: ಯಾರು, ಏನಾಗಿದೆ, ಏನು ಮಾಡಿದ್ದೇನೆ, ನಿಮ್ಮಿಂದ ಏನು ಬೇಕು. ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. “ಸರ್, ನೀವು ಬರಬೇಕು” ಎಂದು ಬಾಯಿಬಿಟ್ಟು ಹೇಳಿ. ಫೋನ್ ಎತ್ತುವವರ ಮೊದಲ ಮಾತು “ಕರೆದದ್ದು ಒಳ್ಳೇದಾಯ್ತು” ಎಂದಿರಲಿ, ಆ ಕರೆ ಅನಗತ್ಯವಾಗಿದ್ದರೂ ಸರಿ. ತಿದ್ದುವುದನ್ನು ಬೆಳಿಗ್ಗೆ ಮಾಡಬಹುದು.

ತಪ್ಪಾದಾಗ ಆ ಒಂದು ಕೆಲಸದಲ್ಲಿ ಒಂದು ಮೆಟ್ಟಿಲು ಇಳಿಸಿ. ಕಾರಣವನ್ನು ಕೋಣೆಯೊಳಗೆ, ಬಾಗಿಲು ಹಾಕಿ ಹೇಳಿ; ಮತ್ತೆ ಯಾವತ್ತು ಪಕ್ಕದಲ್ಲಿ ನಿಂತು ನೋಡುತ್ತೀರಿ ಎಂಬ ದಿನಾಂಕವನ್ನೂ ಆಗಲೇ ಕೊಡಿ.