ವೀರಗಲ್ಲು ಯಾರಿಗೆ?

ಕೇಳುಗರೆ, ನಮಸ್ಕಾರ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ನೆತ್ತಿಯಲ್ಲಿ ಸೂರ್ಯಚಂದ್ರರು. ಎಷ್ಟೋ ಕಲ್ಲುಗಳಲ್ಲಿ ಒಂದೇ ಶ್ಲೋಕ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ.’ ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ. ನ್ಯಾಯ ಯಾವ ದೊರೆಯ ಕಡೆಗಿತ್ತು ಎಂಬ ಮಾತೇ ಅದರಲ್ಲಿಲ್ಲ.

ಹಾಗಾದರೆ ಅನ್ಯಾಯದ ಪರ ಕಾದಿ ಸತ್ತವನಿಗೂ ಕಲ್ಲು ನೆಡಬೇಕೆ? ಕಲಬುರಗಿ, ಬೀದರ, ಯಾದಗಿರಿಯವರಿಗೆ ಇದು ಅಜ್ಜಂದಿರ ಕಾಲದ ಪ್ರಶ್ನೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮರ ಸಂಸ್ಥಾನದೊಳಗೆ ಕಾಲಿಟ್ಟಿತು. 18ರಂದು ಸಂಸ್ಥಾನದ ಸೇನಾಪತಿ ಎಲ್ ಎಡ್ರೂಸ್, ಮೇಜರ್ ಜನರಲ್ ಚೌಧರಿಯವರಿಗೆ ಶರಣಾದರು. ಸೋತ ಕಡೆ ಇದ್ದವರು ಎರಡು ಬಗೆ. ಸಂಬಳ, ಸಮವಸ್ತ್ರ, ಮೇಲಿನವರ ಹುಕುಂ ಇದ್ದ ಸಿಪಾಯಿಗಳು ಒಂದು ಕಡೆ. ನಿಜಾಮರ ಪರ ಖಾಸಗಿ ಪಡೆ ನಡೆಸಿದ ಖಾಸಿಂ ರಜ್ವಿಯ ಹಿಂದೆ ತಾವಾಗಿಯೇ ಹೊರಟು ಹಳ್ಳಿ ಹೊಕ್ಕ ರಜಾಕಾರರು ಇನ್ನೊಂದು ಕಡೆ. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ್ದು ಕಾಳಗವಲ್ಲ, ಕಗ್ಗೊಲೆ. ಇಬ್ಬರನ್ನೂ ‘ನಿಜಾಮನ ಮಂದಿ’ ಎಂದು ಒಂದೇ ಗೋಣಿಗೆ ತುಂಬಿದರೆ ಲೆಕ್ಕ ಅಲ್ಲಿಯೇ ತಪ್ಪುತ್ತದೆ.

ಗೆದ್ದ ಕಡೆಗೂ ಇದೇ ತಕ್ಕಡಿ. ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರದ ಹಿಂಸೆಯಲ್ಲಿ ಸತ್ತವರು 27,000ದಿಂದ 40,000 ಎಂದು ಭಾರತ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮವೇ ಎರಡು, ಬೀದರ ಮತ್ತು ಅಂದಿನ ಗುಲಬರ್ಗಾ. ಪಕ್ಷ ನ್ಯಾಯದ್ದು ಎಂದ ಮಾತ್ರಕ್ಕೆ ಕೃತ್ಯಕ್ಕೆ ಮಾಫಿ ಇಲ್ಲ.

ಹೀಗಾಗಿ ಮಣ್ಣು, ಅನ್ನ, ಮಾನ ಈ ಮೂರನ್ನು ಬಿಡಿಸಿ ನೋಡಬೇಕು. ಹೆಣಕ್ಕೆ ಮಣ್ಣು ಎಲ್ಲರಿಗೂ ಸಲ್ಲಬೇಕು. ಸತ್ತವನ ಮನೆಯವರ ಅನ್ನಕ್ಕೆ ಹಿಂದಿನವರು ‘ನೆತ್ತರುಗೊಡಗೆ’ ಎಂದು ಭೂಮಿ ಬಿಡುತ್ತಿದ್ದರು. ಅದು ಹೆಂಡಿರು ಮಕ್ಕಳಿಗೆ, ಯುದ್ಧದ ಉದ್ದೇಶಕ್ಕಲ್ಲ. ಊರ ನಡುವಿನ ಮಾನ ಮಾತ್ರ ಬೇರೆ. ಅದನ್ನು ಕೊಡುವ ಮುನ್ನ ಆತ ಏನು ಮಾಡಿದ ಎಂದು ಕೇಳಲೇಬೇಕು.

ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಯುದ್ಧದಲ್ಲಿ ಸತ್ತವರನ್ನು ಪೂಜಿಸುವ ಜಪಾನಿನ ಯಾಸುಕುನಿ ಗುಡಿ ಇದೆ. ಸುಮಾರು 24 ಲಕ್ಷಕ್ಕೂ ಹೆಚ್ಚು ಮೃತರ ಸಾಲಿಗೆ 1978ರಲ್ಲಿ ‘ಎ’ ದರ್ಜೆಯ ಯುದ್ಧಾಪರಾಧದ 14 ಮಂದಿಯನ್ನು ಸೇರಿಸಿದರು. ಒಮ್ಮೆ ಸೇರಿದವರನ್ನು ಬಿಡಿಸಲಾಗದು ಎನ್ನುವುದು ಅಲ್ಲಿಯ ಅರ್ಚಕರ ಮಾತು. ಬಡ ಸಿಪಾಯಿಗೆ ಕೈಮುಗಿಯಲು ಹೋದವರಿಗೂ ಈಗ ಅದೇ ಕಳಂಕ.

ನಮ್ಮಲ್ಲಿ ಫಲಕ ಬರೆಸುವವರು ‘ವೀರ’, ‘ಹುತಾತ್ಮ’ ಎಂಬ ಬಿರುದಿಗಿಂತ ಮೊದಲು ಹೆಸರು, ಊರು, ದಿನ, ಯಾರ ಹುಕುಮಿಗೆ, ಯಾರ ಮೇಲೆ ಎಂಬುದನ್ನು ಕೆತ್ತಿಸಲಿ. ಜಾಗ ಸಾಲದಿದ್ದರೆ ಬಿರುದನ್ನೇ ಬಿಡಲಿ. ಮತ್ತೆ, ಹಳೆಯ ಕಲ್ಲಿಗೆ ಸುಣ್ಣ, ಎಣ್ಣೆ ಬಣ್ಣ ಬಳಿಯಬೇಡಿ. ಅಕ್ಷರದ ಗೆರೆ ತುಂಬಿಹೋಗಿ, ಆತ ಯಾರ ಪರ ಸತ್ತ ಎಂಬುದನ್ನು ಓದಲು ಬಾರದಂತಾಗುತ್ತದೆ.