ಬಲ್ಬ್ ಕೊಳ್ಳುವ ಮೊದಲು ಮೀಟರ್ ಹಿಡಿಸಿ

ಕೇಳುಗರಿಗೆಲ್ಲ ನಮಸ್ಕಾರ. ಕಬ್ಬಿನ ಸೀಜನ್ ಶುರುವಾದರೆ ಸಾಕು, ನನ್ನ ಅಂಗಡಿಯಲ್ಲಿ ಒಂದೇ ಬೇಡಿಕೆ: "ಬೈಕಿಗೆ ಜಾಸ್ತಿ ಬೆಳಕಿನ ಬಲ್ಬ್ ಹಾಕಿಕೊಡ್ರಿ." ಜಮಖಂಡಿ, ಮುಧೋಳ, ಮಹಾಲಿಂಗಪುರದ ಕಡೆ ರಾತ್ರಿ ಓಡಾಡುವವರಿಗೆ ಕಾರಣ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಹೊರಟಿರುತ್ತದೆ. ಹಿಂದೆ ಕೆಂಪು ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಬೆಳಕು ಬೇಕು, ಒಪ್ಪಿದೆ. ಆದರೆ ಮೊದಲು ಈಗಿರುವ ಬಲ್ಬಿಗೆ ಪೂರ್ತಿ ವೋಲ್ಟೇಜ್ ಬರುತ್ತಿದೆಯಾ ಅಂತ ಮೀಟರ್ ಹಿಡಿಸಿ ನೋಡಿ. ಇವತ್ತು ನಾನು ಹೇಳಲು ಬಂದದ್ದು ಇದೊಂದನ್ನೇ.

ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ಹುಡುಗ ಇದ್ದಾನೆ. ಅವನದು ಹಳೆಯ ದೊಡ್ಡ ಗಾಡಿ. ಅದಕ್ಕೆ 60/55 ಬಲ್ಬ್, ಅಂದರೆ ದೂರಕ್ಕೆ ಬೀಳುವ ಅಪ್ಪರ್ ಬೆಳಕಿಗೆ 60 ವ್ಯಾಟ್, ತಗ್ಗಿಸಿದ ಡಿಪ್ಪರ್ ಬೆಳಕಿಗೆ 55. ಯಾರದೋ ಮಾತು ಕೇಳಿ 100/90 ಹಾಕಿಸಿಕೊಂಡ. ಮೊದಲೆರಡು ದಿನ ಭಾರಿ ಖುಷಿ. ಆಮೇಲೆ ಬಂದ, ಮುಖ ಸಪ್ಪಗೆ. "ಕಾಕಾ, ಮೊದಲಿಗಿಂತ ಕಡಿಮಿ ಕಾಣಾಕತ್ತೈತ್ರಿ."

ಡೂಮ್, ಅಂದರೆ ಹೆಡ್‌ಲೈಟಿನ ಗೂಡು, ಬಿಚ್ಚಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆಯಲ್ಲಿ ಕರಗಿತ್ತು. ಎಂಜಿನ್ ಓಡುವಾಗ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹತ್ತಿರ 10.9. ಉಳಿದ ಸುಮಾರು ಮೂರು ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಐದು ಆಂಪಿಯರ್‌ಗೆ ಹಾಕಿದ ವೈರಿನಲ್ಲಿ ಎಂಟು ಆಂಪಿಯರ್ ಎಳೆದರೆ ಇನ್ನೇನಾಗುತ್ತದೆ? ಅರ್ಧ ಇಂಚಿನ ಪೈಪಿಗೆ ಐದು ಎಚ್‌ಪಿ ಮೋಟರ್ ಕೂರಿಸಿದ ಹಾಗೆ.

ನಾನು ಮಾಡಿದ್ದು ಇಷ್ಟು. ಅರ್ಥಿಂಗ್ ವೈರಿನ ಬೋಲ್ಟ್ ತುಕ್ಕು ಹಿಡಿದಿತ್ತು, ಉಪ್ಪು ಕಾಗದದಿಂದ ತಿಕ್ಕಿದೆ. ಹೋಲ್ಡರ್ ಹೊಸದು ಹಾಕಿದೆ. ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್, ಕೂರಿಸಿ ಬ್ಯಾಟರಿಯಿಂದ ದಪ್ಪ ವೈರ್ ಎಳೆದೆ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇಟ್ಟೆ. ಈಗ ಹ್ಯಾಂಡಲ್ ಸ್ವಿಚ್ ಮೇಲೆ ಭಾರ ಇಲ್ಲ, ಅದು ರಿಲೇಗೆ ಸನ್ನೆ ಮಾಡಿದರೆ ಸಾಕು. ಬಲ್ಬಿನ ಹತ್ತಿರ 13.2 ಬಂತು. ಸಂಜೆ ಅವನು ರಸ್ತೆಗೆ ಲೈಟ್ ಬಿಟ್ಟು ನೋಡಿ ಕೇಳಿದ, "ಯಾವ ಕಂಪನಿ ಬಲ್ಬ್ ಹಾಕಿದ್ರಿ ಕಾಕಾ?" "ನಿಂದ ಹಳೇ 60/55 ಐತಿ, ತಮ್ಮಾ." ಅವನು ನಂಬಲಿಲ್ಲ. ಮತ್ತೆ ಬಿಚ್ಚಿ ತೋರಿಸಬೇಕಾಯಿತು.

ಲೆಕ್ಕ ಇಷ್ಟೇ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಕಡಿಮೆಯಾಗುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಮೀಟರ್, ಆಮೇಲೆ ಬಲ್ಬ್.

ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ ಅದೇ ವ್ಯಾಟಿನಲ್ಲೇ ಜಾಸ್ತಿ ಬೆಳಕು ಕೊಡುವ ಒಳ್ಳೆಯ ಬಲ್ಬ್ ತಗೊಳ್ಳಿ. ಬೇಗ ಹೋಗುತ್ತದೆ, ಆದರೆ ರಸ್ತೆ ಚೆನ್ನಾಗಿ ಕಾಣುತ್ತದೆ. ಸಣ್ಣ ಗಾಡಿಗೆ 35/35 ಇದ್ದರೆ 35/35 ನೇ ಹಾಕಿ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ, ದೊಡ್ಡ ಬಲ್ಬ್ ಹಾಕಿದರೆ ಹೋಲ್ಡರ್ ದಿನವಿಡೀ ಬಿಸಿಯಾಗುತ್ತದೆ. ನೀಲಿ ಗಾಜಿನ ಬಲ್ಬ್ ಅಂತೂ ಬೇಡವೇ ಬೇಡ. ಆ ನೀಲಿ ಬಣ್ಣವೇ ಒಂದಷ್ಟು ಬೆಳಕನ್ನು ತಡೆಯುತ್ತದೆ.

ಎಲ್‌ಇಡಿ ಬಗ್ಗೆ ಎಲ್ಲರೂ ಕೇಳುತ್ತೀರಿ. ನಿಮ್ಮ ರಿಫ್ಲೆಕ್ಟರ್ ಮಾಡಿರುವುದು ತಂತಿ ಉರಿಯುವ ಜಾಗಕ್ಕೆ ಸರಿಯಾಗಿ. ಅಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿಗೆ ಬರುವವನ ಕಣ್ಣಿಗೆ ಹೊಡೆಯುತ್ತದೆ, ಡಿಪ್ಪರ್ ಹಾಕಿದರೂ ಅಷ್ಟೇ. ಸುಮ್ನೆ ದುಡ್ಡು ದಂಡ.

ಕೊಟ್ಟ ಸಮಯ ಮುಗಿಯುತ್ತಾ ಬಂತು. ಡೂಮಿನ ಎತ್ತರ ಹೊಂದಿಸುವುದರ ಬಗ್ಗೆ ಹೇಳಬೇಕಿತ್ತು, ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ಹಾಂ, ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿ ಬೆರಳಿನಿಂದ ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದ ಕಡೆ ಗಾಜು ಕಾದು ಬೇಗ ಹಾಳಾಗುತ್ತದೆ. ಶುಭ್ರ ಬಟ್ಟೆಯಲ್ಲಿ ಹಿಡಿದು ಕೂರಿಸಿ. ನಮಸ್ಕಾರ.