ಹಬ್ಬದ ಉಡುಗೊರೆಗೆ ಕೊಯ್ಲಿನ ದುಡ್ಡು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾಸನ ಜಿಲ್ಲೆಯಲ್ಲಿ ಕೊಡುವ ಕಾಲ ಗೌರಿ ಹಬ್ಬಕ್ಕೇ ಶುರು. ತಂಗಿಗೆ ಬಾಗಿನ, ಸೀರೆ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು. ಆಯುಧಪೂಜೆಗೆ ಕೆಲಸದವರಿಗೆ ಬಟ್ಟೆ, ಸಿಹಿ. ಆಶ್ವೀಜ ಹುಣ್ಣಿಮೆ ಕಳೆದ ಗುರುವಾರ ಹಾಸನಾಂಬೆಯ ಬಾಗಿಲು ತೆಗೆದರೆ ಪೇಟೆಯ ಮನೆಗಳಲ್ಲೆಲ್ಲ ನೆಂಟರು. ಬಂದವರನ್ನು ಬರಿಗೈಯಲ್ಲಿ ಕಳಿಸೋಕಾಗುತ್ತಾ? ಹೆಂಗಸರಿಗೆ ಕಣ, ಮಕ್ಕಳ ಕೈಗೆ ನೋಟು. ಬೆನ್ನಿಗೇ ದೀಪಾವಳಿ. ಆ ವರ್ಷ ಮಗಳ ಮದುವೆಯಾಗಿದ್ದರೆ ಹೊಸ ಅಳಿಯನ ಮೊದಲ ಹಬ್ಬ ಬೇರೆ.

ಸಕಲೇಶಪುರ, ಬೇಲೂರು ಕಡೆ ದುಡ್ಡು ಬರುವುದು ಯಾವಾಗ? ಅರೇಬಿಕಾ ಕಾಫಿ ಕೊಯ್ಲು ನವೆಂಬರ್ ಹೊತ್ತಿಗೆ, ರೋಬಸ್ಟಾ ಜನವರಿ ಮೇಲೆ. ಹಣ್ಣು ಕುಯ್ದು ಕೆಜಿ ಲೆಕ್ಕದಲ್ಲಿ ಕೂಲಿ ಸಿಗುವಾಗ ಬಟವಾಡೆಯೂ ಜಾಸ್ತಿ. ಮಳೆಗಾಲ ಬಂತೆಂದರೆ ಕೈ ಬಿಗಿ. ಆ ಬಿಗಿಯಲ್ಲೇ ಗೌರಿ ಬರುತ್ತಾಳೆ. ಬಡವರು ಹಬ್ಬಕ್ಕೆ ಸಾಲ ಮಾಡುವುದು ದುಂದುಗಾರಿಕೆಯಿಂದ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಬರುವ ತಿಂಗಳೇ ಬೇರೆ, ಹೋಗುವ ತಿಂಗಳೇ ಬೇರೆ. ಆ ಸಂದಿಯಲ್ಲಿ ಸಾಲ ಒಳಗೆ ಬರುತ್ತದೆ.

ಊರಲ್ಲಿ 5 ರೂಪಾಯಿ ಬಡ್ಡಿ ಅಂತಾರೆ. ಕೇಳೋಕೆ ಚಿಕ್ಕದು. ಅದು ನೂರಕ್ಕೆ, ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 60 ಆಯಿತು. ಗೌರಿ ಹಬ್ಬಕ್ಕೆ ತಂದ 10 ಸಾವಿರವನ್ನು ಆರು ತಿಂಗಳು ಬಿಟ್ಟು ಕೊಯ್ಲಿನ ದುಡ್ಡಲ್ಲಿ ತೀರಿಸಿದರೆ ಬಡ್ಡಿಯೇ 3 ಸಾವಿರ. ಅಷ್ಟರಲ್ಲಿ ತಂಗಿಗೆ ಇನ್ನೊಂದು ಸೀರೆ ಬರುತ್ತಿತ್ತು.

ಪೇಟೆಯಲ್ಲಿ ಸಂಬಳದವರ ಕಥೆ ಕ್ರೆಡಿಟ್ ಕಾರ್ಡಿನದು. ಬಿಲ್ಲಿನಲ್ಲಿ ‘ಕನಿಷ್ಠ ಇಷ್ಟು ಕಟ್ಟಿದರೆ ಸಾಕು’ ಅಂತ ಇರುತ್ತದಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ. 20 ಸಾವಿರ ಬಾಕಿ ಇದೆ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಅಂತ ಇಟ್ಟುಕೊಳ್ಳಿ. ಬಡ್ಡಿ 700. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 126. ನೀವು ಕನಿಷ್ಠ ಅಂತ 1,000 ರೂಪಾಯಿ ಕಟ್ಟಿದರೆ ಸಾಲ ಕರಗುವುದು ಬರೀ 174 ರೂಪಾಯಿ. ಜೊತೆಗೆ, ಹಳೆ ಬಾಕಿ ಉಳಿದಿರುವಾಗ ಹೊಸದಾಗಿ ಏನು ಕೊಂಡರೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ‘ಬಡ್ಡಿಯಿಲ್ಲದ ಕಂತು’ ಅಂತ ಬಿ.ಎಂ. ರಸ್ತೆಯ ಅಂಗಡಿಯವರು ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟು? ಕಮ್ಮಿ ಹೇಳಿದರೆ ಆ ವ್ಯತ್ಯಾಸವೇ ಬಡ್ಡಿ. ಪ್ರೊಸೆಸಿಂಗ್ ಶುಲ್ಕ ಎಷ್ಟು ಅಂತಲೂ ಕೇಳಿಬಿಡಿ.

ಹಾಗಾದರೆ ಏನು ಮಾಡೋದು? ಕೊಯ್ಲಿನ ದುಡ್ಡು ಕೈಗೆ ಬಂದಾಗಲೇ ಹಬ್ಬದ ಪಾಲು ತೆಗೆದಿಡಿ. ಮಾರ್ಚಿನಲ್ಲಿ ಆರು ತಿಂಗಳಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಸೆಪ್ಟೆಂಬರಿಗೆ ಬರುತ್ತದೆ. ಗೌರಿ ಮುಂಚೆ ಬರುವ ವರ್ಷ ಫೆಬ್ರವರಿಯಲ್ಲೇ ಇಡಿ. ತಿಂಗಳ ಸಂಬಳದವರಿಗೆ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಸರಿ. ಜನವರಿಯಿಂದ ತಿಂಗಳಿಗೆ 1,000 ಕಟ್ಟಿದರೆ ಆಗಸ್ಟಿಗೆ 8 ಸಾವಿರ, ಮೇಲೆ ಬಡ್ಡಿ. ಅಂಚೆ ಕಚೇರಿಯ ಆರ್‌ಡಿ 100 ರೂಪಾಯಿಗೂ ಆಗುತ್ತದೆ, ಆದರೆ ಅದು ಐದು ವರ್ಷದ್ದು, ಈ ಕೆಲಸಕ್ಕೆ ಬೇಡ. ಚೀಟಿ ಹಾಕುವವರು ಆ ಚೀಟಿ ನೋಂದಣಿ ಆಗಿದೆಯಾ ಅಂತ ಮೊದಲು ನೋಡಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಅಕ್ಕ ತಂಗಿಯರೇ, ಹಬ್ಬಕ್ಕೆ ತಿಂಗಳು ಮುಂಚೆ ಅಣ್ಣನಿಗೆ ನೀವೇ ಫೋನ್ ಮಾಡಿ. ‘ಅಣ್ಣಾ, ಈ ಸಲ ಬಾಗಿನ ಒಂದು ತಂದುಬಿಡು, ಸೀರೆ ಮುಂದೆ ನೋಡೋಣ’ ಅನ್ನಿ. ಮೊರ, ಬಳೆ, ಬಿಚ್ಚೋಲೆ, ಕಣ, ತೆಂಗಿನಕಾಯಿ, ಬೇಳೆ, ಬೆಲ್ಲ ಇದ್ದರೆ ಬಾಗಿನ ಪೂರ್ತಿಯೇ. ಬೇಡ ಅನ್ನುವ ಮಾತು ಪಡೆಯುವವರ ಬಾಯಲ್ಲೇ ಬರಬೇಕು. ಕೊಡುವವನು ಆ ಮಾತು ಆಡಲಾರ, ಸಾಲ ಮಾಡಿಯಾದರೂ ತರುತ್ತಾನೆ.

ಈಗಾಗಲೇ ಸಾಲದಲ್ಲಿದ್ದರೆ ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸಿ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು 5 ರೂಪಾಯಿ ಬಡ್ಡಿಯದನ್ನು ಮುಗಿಸಿದರೂ ಲಾಭವೇ. ವಸೂಲಿಗೆ ಬಂದವರು ಮನೆ ಮುಂದೆ ಕೂತು ಅವಮಾನ ಮಾಡಿದರೆ ಹೆದರಬೇಡಿ. ಇಂಥ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಠಾಣೆಗೆ ಹೋಗಿ ದೂರು ಕೊಡಿ. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆದು ಕೊಡಿ. ಅಲ್ಲಿ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ, ಮುಂದೆ ಏನು ಮಾಡಬೇಕು ಅಂತ ಹೇಳುತ್ತಾರೆ.

ನಮಸ್ಕಾರ.